ವಾಟರ್ಲೂ ಬೀದಿಯ ಶಿಬಿರ ಮತ್ತು ಅತ್ತಾವರದ ಯಲ್ಲಪ್ಪ

(ಮಂಗಳೂರಿನ ಕಾಲೇಜೊಂದರಲ್ಲಿ ಎನ್‌ಸಿಸಿ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ತುಂಬಾ ಜನ ಯೂನಿಫಾರ್ಮ್‌ನಲ್ಲೇ ಬಂದಿದ್ದೀರಿ. ಬೆಳಿಗ್ಗೆ ಪರೇಡ್ ಮುಗಿಸಿ ನೇರ ಇಲ್ಲಿಗೆ ಬಂದವರೂ ಇದ್ದೀರಿ ಅಂತ ಕೇಳಿದೆ. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

1943ರ ಅಕ್ಟೋಬರ್ 22ರಂದು ಸಿಂಗಾಪುರದ ವಾಟರ್ಲೂ ಬೀದಿಯಲ್ಲಿ ಒಂದು ಸೈನಿಕ ತರಬೇತಿ ಶಿಬಿರ ಶುರುವಾಯಿತು. ಅಲ್ಲಿ ತರಬೇತಿಗೆ ಸೇರಿದವರೆಲ್ಲ ಹೆಣ್ಣುಮಕ್ಕಳು, ಎಲ್ಲರೂ ಭಾರತೀಯರು. ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಭಾಗವಾಗಿದ್ದ ಆ ಪಡೆಯ ಹೆಸರು ಝಾನ್ಸಿ ರಾಣಿ ರೆಜಿಮೆಂಟ್. ಆ ಶಿಬಿರಕ್ಕೆ ಜಾಗ, ಹಣ, ಬೇಲಿ, ಬಚ್ಚಲು ಎಲ್ಲ ಹೊಂದಿಸಲು ಓಡಾಡಿದವರು ಒಬ್ಬ ಬ್ಯಾರಿಸ್ಟರ್. ಹೆಸರು ಯಲ್ಲಪ್ಪ, ಅತ್ತಾವರದ ಯಲ್ಲಪ್ಪ. ಹೌದು, ನಮ್ಮ ಅತ್ತಾವರವೇ. ನೀವು ದಿನಾ ಬಸ್ಸಿನಲ್ಲಿ ದಾಟಿ ಬರುವ ಅದೇ ಅತ್ತಾವರ.

ಈ ರೆಜಿಮೆಂಟಿನ ಮಾತು ಬಂದಾಗೆಲ್ಲ ಒಂದು ಪ್ರಶ್ನೆ ಬರುತ್ತದೆ. "ಅವರು ಯುದ್ಧ ಮಾಡಿದ್ರಾ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 1944ರಲ್ಲಿ ಜಪಾನಿನ ಸೇನೆ ಮತ್ತು ಫೌಜು ಸೇರಿ ಮುತ್ತಿದ ಮಣಿಪುರದ ಇಂಫಾಲದ ಮುಂಚೂಣಿಯಲ್ಲಿ ನಿಂತು ಗುಂಡು ಹಾರಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಅಷ್ಟು ಕೇಳಿದ ಕೂಡಲೇ ಕೆಲವರು "ಓ, ಹಾಗಾದರೆ ಬರೀ ಪ್ರಚಾರಕ್ಕೆ" ಅಂದುಬಿಡುತ್ತಾರೆ. ನನಗೆ ಇದು ಸುಮ್ನೆ ಕೇಳಿಸಿಕೊಂಡು ಬಿಡುವ ಮಾತಲ್ಲ. ಆ ಶಿಬಿರದ ಬೇಲಿಯ ಒಳಗೆ ಏನಾಯಿತು ಅಂತ ಕೇಳದೆ ಈ ತೀರ್ಪು ಕೊಡುವುದು ಅನ್ಯಾಯ. ಇವತ್ತು ಬೇಲಿಯ ಒಳಗಿನ ಕಥೆಯನ್ನೇ ಹೇಳುತ್ತೇನೆ.

ಸ್ವಲ್ಪ ಹಿನ್ನೆಲೆ ಬೇಕು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿಗೆ ಶರಣಾಯಿತು. ಬ್ರಿಟಿಷ್ ಸೇನೆಯಲ್ಲಿದ್ದ ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಕೆಲವರನ್ನು ಸೇರಿಸಿ ಕ್ಯಾಪ್ಟನ್ ಮೋಹನ್ ಸಿಂಗ್ ಮೊದಲ ಆಜಾದ್ ಹಿಂದ್ ಫೌಜ್ ಕಟ್ಟಿದರು. ಜಪಾನಿಯರ ಜೊತೆ ಜಗಳವಾಗಿ ಆ ವರ್ಷದ ಕೊನೆಗೆ ಅದು ಮುರಿದುಬಿತ್ತು. 1943ರ ಜುಲೈ 2ರಂದು ಬೋಸ್ ಸಿಂಗಾಪುರಕ್ಕೆ ಬಂದರು. ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಹೊರಟು, ಮಡಗಾಸ್ಕರ್ ಹತ್ತಿರ ನಡು ಸಮುದ್ರದಲ್ಲಿ ಜಪಾನಿನ ಜಲಾಂತರ್ಗಾಮಿ ಹತ್ತಿ ಬಂದ ಆ ಪ್ರಯಾಣ ನಿಮಗೆ ಪಾಠದಲ್ಲಿ ಬಂದಿರುತ್ತದೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಜಪಾನಿನ ಸೇನೆ ಯಾರಿಗೂ ಬಿಡುಗಡೆ ತರಲು ಬಂದದ್ದಲ್ಲ. ಸಿಂಗಾಪುರ ಹಿಡಿದ ಮೊದಲ ವಾರಗಳಲ್ಲೇ ಅದು ಅಲ್ಲಿನ ಚೀನೀಯರನ್ನು ಸಾಲಾಗಿ ನಿಲ್ಲಿಸಿ ಕೊಂದಿತ್ತು. ಅಂಥವರ ಆಡಳಿತದಲ್ಲಿ, ಅಂಥವರ ಜೊತೆ ಕೈ ಜೋಡಿಸಿ ಬೋಸ್ ಸೈನ್ಯ ಕಟ್ಟಿದರು. ಇದು ಸರಿಯೋ ತಪ್ಪೋ ಅಂತ ನೀವು ವಾದ ಮಾಡಬಹುದು, ಮಾಡಲೇಬೇಕು. ಆದರೆ ವಾಟರ್ಲೂ ಬೀದಿಗೆ ಬಂದ ಹುಡುಗಿಯರನ್ನು ನೋಡುವಾಗ ಅವರು ಬದುಕುತ್ತಿದ್ದ ಕಾಲ ಎಂಥದ್ದು ಅನ್ನುವುದು ನೆನಪಿರಲಿ.

ಬಂದ ಕೆಲವೇ ದಿನಗಳಲ್ಲಿ ಬೋಸ್ ಹೆಂಗಸರ ಪಡೆಯೊಂದು ಬೇಕು ಅಂದರು. ಹೊರದೇಶದಲ್ಲಿದ್ದ ಭಾರತೀಯರು ಸ್ವಾತಂತ್ರ್ಯಕ್ಕಾಗಿ ಕಟ್ಟಿದ್ದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಸಿಂಗಾಪುರ ಶಾಖೆಗೆ ಆಗ ಅಧ್ಯಕ್ಷರಾಗಿದ್ದವರು ಯಲ್ಲಪ್ಪ. ಅದೇ ಲೀಗಿನಲ್ಲಿ ಕೆಲಸ ಮಾಡುತ್ತಿದ್ದ ಯುವ ವೈದ್ಯೆ ಡಾ. ಲಕ್ಷ್ಮಿ ಸ್ವಾಮಿನಾಥನ್. 1914ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು, 1938ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾದವರು, 1940ರಲ್ಲಿ ಸಿಂಗಾಪುರಕ್ಕೆ ಹೋಗಿ ಕ್ಲಿನಿಕ್ ಇಟ್ಟವರು. ಜುಲೈ 12ಕ್ಕೆ ಹೆಂಗಸರ ಸಭೆ ಗೊತ್ತಾಗಿತ್ತು. ಬೋಸರಿಗೆ ಹೆಂಗಸರಿಂದಲೇ ಸೈನಿಕ ವಂದನೆ ಕೊಡಿಸಬೇಕು ಅಂತ ತೀರ್ಮಾನವಾಯಿತು. ಇಪ್ಪತ್ತರಷ್ಟು ಹೆಂಗಸರನ್ನು ಹುಡುಕಿ, ಫೌಜಿನ ಸೈನಿಕರಿಂದ ಬಂದೂಕು ಎರವಲು ತಂದು ಅವಸರದಲ್ಲಿ ಅಭ್ಯಾಸ ಮಾಡಿಸಿದರು. ಅವರೆಲ್ಲ ಸೀರೆಯಲ್ಲೇ ನಿಂತಿದ್ದರು. ಕೈಯಲ್ಲಿದ್ದದ್ದು .303 ಲೀ ಎನ್‌ಫೀಲ್ಡ್. ನಾಲ್ಕು ಕಿಲೋ ತೂಕ, ಮೀಟರಿಗಿಂತ ಉದ್ದ. ರೈಫಲ್ ಹಿಡಿದು ಒಂದು ಗಂಟೆ ಬಿಸಿಲಲ್ಲಿ ನಿಂತವರು ಇಲ್ಲಿ ಇದ್ದೀರಿ, ಆ ತೂಕ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮರುದಿನ ಬೋಸ್ ಲಕ್ಷ್ಮಿಯವರನ್ನು ಕರೆಸಿ ಗಂಟೆಗಟ್ಟಲೆ ಮಾತಾಡಿದರು. ರೆಜಿಮೆಂಟ್ ನಡೆಸ್ತೀರಾ ಅಂತ ಕೇಳಿದರು. ಅವರು ಆಗಲೇ ಒಪ್ಪಿಕೊಂಡು, ಕ್ಲಿನಿಕ್ ಬಿಟ್ಟು ಬಂದರು.

ಇಲ್ಲಿ ನಮ್ಮ ಊರಿನ ಇನ್ನೊಂದು ಎಳೆ ಇದೆ. ಲಕ್ಷ್ಮಿಯವರ ತಾಯಿ ಅಮ್ಮು ಸ್ವಾಮಿನಾಥನ್ ಕಾಂಗ್ರೆಸ್ಸಿನಲ್ಲಿದ್ದವರು, ಮುಂದೆ ಸಂವಿಧಾನ ಸಭೆಯ ಸದಸ್ಯೆಯಾದವರು. ಅವರ ಮದ್ರಾಸಿನ ಮನೆಗೆ ಸುಹಾಸಿನಿ ಅನ್ನುವ ಕ್ರಾಂತಿಕಾರಿ ಹೆಣ್ಣುಮಗಳು ಬಂದು ಉಳಿದಿದ್ದರು. ಹುಡುಗಿಯಾಗಿದ್ದ ಲಕ್ಷ್ಮಿಯ ಮೇಲೆ ಅವರ ಪ್ರಭಾವ ಜಾಸ್ತಿ ಆಯಿತು. ಆ ಸುಹಾಸಿನಿಯ ಅತ್ತಿಗೆ ಯಾರು ಗೊತ್ತಾ? ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1926ರಲ್ಲಿ ಮದ್ರಾಸ್ ಶಾಸನ ಸಭೆಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತವರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಅಂತ ಗಾಂಧೀಜಿಯ ಹತ್ತಿರ ಹಟ ಹಿಡಿದು ಒಪ್ಪಿಸಿದವರು. 1930ರಲ್ಲಿ ಉಪ್ಪು ಹಿಡಿಯಲು ಅನುಮತಿ ಕೇಳಬೇಕಾಯಿತು. 1943ರಲ್ಲಿ ಬಂದೂಕು ಹಿಡಿಯಲು ಕರೆ ಬಂತು. ನಡುವೆ ಹದಿಮೂರೇ ವರ್ಷ. ಆ ದಾರಿಯನ್ನು ಕಡಿದವರಲ್ಲಿ ನಮ್ಮೂರಿನ ಹೆಣ್ಣುಮಗಳೂ ಇದ್ದರು ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ಉಳ್ಳಾಲದ ಅಬ್ಬಕ್ಕನ ಹೆಸರು ಹೇಳಿ ಬೆಳೆದವರು ನಾವು. ರಾಣಿಯ ಹೆಸರಿನಲ್ಲಿ ಪಡೆ ಕಟ್ಟುವುದು ಏನು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈಗ ಶಿಬಿರಕ್ಕೆ ಬರೋಣ. ಮೊದಲ ತೊಂದರೆ ಬಂದದ್ದೇ ಜಪಾನಿಯರಿಂದ. ಹೆಂಗಸರಿಗೆ ಬಂದೂಕು ಕೊಡುವುದು, ಮದ್ದುಗುಂಡು ಖರ್ಚು ಮಾಡುವುದು ಅವರಿಗೆ ದಂಡದ ಕೆಲಸವಾಗಿ ಕಂಡಿತು. ಕಟ್ಟಡ ಕೊಡಲೂ ಮುಂದೆ ಬರಲಿಲ್ಲ. ಆಗ ಯಲ್ಲಪ್ಪ ಮುಂದೆ ನಿಂತರು. ಲೀಗಿನ ಕೈಯಲ್ಲಿದ್ದ ಒಂದು ಹಳೆಯ ಜಾಗ ಹಾಳುಬಿದ್ದಿತ್ತು. ಅದನ್ನು ಸರಿಮಾಡಲು ಸಿಂಗಾಪುರದ ಭಾರತೀಯ ವ್ಯಾಪಾರಿಗಳಿಂದ, ಚೆಟ್ಟಿಯಾರ್ ಲೇವಾದೇವಿದಾರರಿಂದ ಹಣ ಕೂಡಿಸಿದರು. ಮಲಗಲು ಬ್ಯಾರಕ್, ಸ್ನಾನಕ್ಕೆ ಬಚ್ಚಲು, ಡ್ರಿಲ್ ಮಾಡಲು ಅಂಗಳ, ಹೊರಗಿನವರು ಇಣುಕದ ಹಾಗೆ ಸುತ್ತ ಎತ್ತರದ ಬೇಲಿ. ಬೇಲಿ, ಬಚ್ಚಲಿನ ಲೆಕ್ಕ ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಮಗಳನ್ನು ಮನೆಯಿಂದ ಹೊರಗೆ, ಅದೂ ಸೇನಾ ಶಿಬಿರಕ್ಕೆ ಕಳಿಸಬೇಕಾದ ತಂದೆ ತಾಯಿ ಮೊದಲು ನೋಡುವುದೇ ಅದನ್ನು ಅಲ್ವಾ? ಬೇಲಿ ಇಲ್ಲದಿದ್ದರೆ ರೆಜಿಮೆಂಟೇ ಇರುತ್ತಿರಲಿಲ್ಲ. ಯಲ್ಲಪ್ಪನವರಿಗೆ ಇದು ಅರ್ಥವಾಗಿತ್ತು.

ಅಕ್ಟೋಬರ್ 21ಕ್ಕೆ ಆಜಾದ್ ಹಿಂದ್ ಸರ್ಕಾರ ಘೋಷಣೆಯಾಯಿತು. ಲಕ್ಷ್ಮಿಯವರು ಅದರಲ್ಲಿ ಮಹಿಳಾ ವಿಭಾಗದ ಮಂತ್ರಿ. ಸಲಹೆಗಾರರ ಪಟ್ಟಿಯಲ್ಲಿ ಎ. ಯಲ್ಲಪ್ಪ ಅನ್ನುವ ಹೆಸರಿದೆ. ಮರುದಿನವೇ ಶಿಬಿರದ ಉದ್ಘಾಟನೆ, 23ರಿಂದ ತರಬೇತಿ. ಮೊದಲ ತಂಡದಲ್ಲಿ ನೂರೈವತ್ತಕ್ಕೂ ಮೇಲೆ ಹುಡುಗಿಯರಿದ್ದರು.

ಯಾರು ಈ ಹುಡುಗಿಯರು? ಕೆಲವರು ಓದಿದ ಮನೆಯವರು. ಕ್ವಾಲಾಲಂಪುರದ ಜಾನಕಿ ತೇವರ್ ಸ್ಥಿತಿವಂತರ ಮನೆಯ ಮಗಳು, ಆಗ ಹದಿನೆಂಟು ವಯಸ್ಸು. ಬೋಸರ ಭಾಷಣ ಕೇಳಿ ಕಿವಿಯ ಓಲೆ ಬಿಚ್ಚಿ ಕೊಟ್ಟುಬಿಟ್ಟರು. ರೆಜಿಮೆಂಟ್ ಸೇರಲು ತಂದೆಯ ಸಹಿ ಬೇಕಿತ್ತು. ತಂದೆ ಒಪ್ಪಲಿಲ್ಲ. ಕೊನೆಗೆ ಲಕ್ಷ್ಮಿಯವರೇ ಮನೆಗೆ ಬಂದು ಮಾತಾಡಿದ ಮೇಲೆ ಸಹಿ ಬಿತ್ತು. ರಾಸಮ್ಮ ಅನ್ನುವ ಹುಡುಗಿಗೆ ಹದಿನಾರು. ಆದರೆ ಬಂದವರಲ್ಲಿ ಜಾಸ್ತಿ ಜನ ಮಲಯಾದ, ಅಂದರೆ ಇಂದಿನ ಮಲೇಷ್ಯಾದ, ರಬ್ಬರ್ ತೋಟಗಳ ತಮಿಳು ಕೂಲಿಗಳ ಮಕ್ಕಳು.

ಸುಳ್ಯ, ಕಡಬದ ಕಡೆಯಿಂದ ಬಂದವರಿಗೆ ರಬ್ಬರ್ ಕೆಲಸ ಗೊತ್ತಿದೆ. ಬೆಳಕು ಹರಿಯುವ ಮೊದಲೇ ಎದ್ದು ತೋಟಕ್ಕೆ ಹೋಗಬೇಕು. ತಂಪು ಹೊತ್ತಿನಲ್ಲೇ ಹಾಲು ಚೆನ್ನಾಗಿ ಇಳಿಯುವುದು. ಮರದಿಂದ ಮರಕ್ಕೆ ಹೋಗಿ ತೊಗಟೆ ಗೀರಿ, ಗೆರಟೆ ಕಟ್ಟಿ, ಮತ್ತೆ ಬಂದು ಹಾಲು ಕೂಡಿಸಬೇಕು. ಮಲಯಾದ ಲೈನ್ ಮನೆಗಳಲ್ಲಿ ಹುಟ್ಟಿದ ಈ ಹುಡುಗಿಯರಿಗೆ ತೋಟದ ಕಂಗಾಣಿ ಅಂದರೆ ಮೇಸ್ತ್ರಿ, ಮೇಲೆ ದೊರೆ, ಇಷ್ಟೇ ಪ್ರಪಂಚ. ಅವರಲ್ಲಿ ಹಲವರು ಭಾರತವನ್ನು ಕಣ್ಣಿಂದ ನೋಡಿದವರೇ ಅಲ್ಲ. ಯಾವ ದೇಶಕ್ಕಾಗಿ ಜೀವ ಕೊಡಲು ಬಂದರೋ ಆ ದೇಶ ಅವರಿಗೆ ಅಜ್ಜಿ ಹೇಳಿದ ಊರಿನ ಹೆಸರು ಮಾತ್ರ ಆಗಿತ್ತು.

ಅವರೆಲ್ಲ ಬರೀ ದೇಶಭಕ್ತಿಯಿಂದ ಬಂದರಾ? ಹಾಗೆ ಹೇಳುವುದು ಅವರ ಕಷ್ಟವನ್ನು ಸಣ್ಣದು ಮಾಡಿದ ಹಾಗೆ. ಯುದ್ಧದಿಂದಾಗಿ ರಬ್ಬರ್ ಕೇಳುವವರಿರಲಿಲ್ಲ, ಕೂಲಿ ನಿಂತಿತ್ತು, ಅಕ್ಕಿ ಸಿಗುತ್ತಿರಲಿಲ್ಲ. ಜಪಾನಿಯರು ತೋಟಗಳಿಂದ ಗಂಡಸರನ್ನು ಸಯಾಮಿನಿಂದ, ಅಂದರೆ ಇಂದಿನ ಥಾಯ್ಲೆಂಡಿನಿಂದ, ಬರ್ಮಾಕ್ಕೆ ಹೋಗುವ ರೈಲು ದಾರಿ ಕೆಲಸಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಸುಮಾರು 415 ಕಿಲೋಮೀಟರ್ ಉದ್ದದ ಆ ಹಳಿಯ ಕೆಲಸದಲ್ಲಿ ಮಲೇರಿಯಾ, ಕಾಲರಾ, ಹಸಿವು, ಹೊಡೆತಕ್ಕೆ ಸತ್ತ ಏಷ್ಯಾದ ಕೂಲಿಗಳು ಹತ್ತಾರು ಸಾವಿರ. ಅಂಥ ದಿನಗಳಲ್ಲಿ ಊಟ, ಬಟ್ಟೆ, ರಕ್ಷಣೆ ಸಿಗುವ ಒಂದು ಜಾಗ ಅಂದರೆ ಸಣ್ಣ ಮಾತಲ್ಲ. ಹಸಿವಿನಿಂದ ಬಂದವಳು ಸೈನಿಕಳಾಗಬಾರದು ಅಂತ ಎಲ್ಲೂ ಇಲ್ಲ. ಪ್ರಪಂಚದ ಯಾವ ಸೈನ್ಯದ ಪಟ್ಟಿ ತೆಗೆದರೂ ಹೊಟ್ಟೆಪಾಡಿಗೆ ಸೇರಿದವರೇ ಜಾಸ್ತಿ ಸಿಗುತ್ತಾರೆ. ಗಂಡಸರ ವಿಷಯದಲ್ಲಿ ಯಾರೂ ಎತ್ತದ ಆಕ್ಷೇಪವನ್ನು ಇವರ ವಿಷಯದಲ್ಲಿ ಮಾತ್ರ ಎತ್ತಬಾರದು.

ಶಿಬಿರದ ದಿನ ಬೆಳಗಿನ ಜಾವವೇ ಶುರು. ಧ್ವಜ ಏರಿಸಿ, ವ್ಯಾಯಾಮ ಮಾಡಿ, ತಿಂಡಿ ಮುಗಿಸಿದರೆ ಡ್ರಿಲ್. ಆಮೇಲೆ ತರಗತಿ, ಸಂಜೆ ಮತ್ತೆ ಡ್ರಿಲ್. ರಾತ್ರಿ ಸರದಿಯ ಮೇಲೆ ಪಹರೆ. ರೈಫಲ್ ಬಿಚ್ಚಿ ಜೋಡಿಸುವುದು, ಗುರಿ ಇಡುವುದು, ಬಯೊನೆಟ್ ಹಿಡಿದು ನುಗ್ಗುವುದು, ಕೈಬಾಂಬು ಎಸೆಯುವುದು, ನಕ್ಷೆ ಓದುವುದು. ಬೆನ್ನಿಗೆ ಚೀಲ ಹಾಕಿಕೊಂಡು ರೂಟ್ ಮಾರ್ಚ್. ಕಲಿಸಿದವರು ಫೌಜಿನ ಹವಾಲ್ದಾರರು, ಅಧಿಕಾರಿಗಳು. ಓದು ಬಂದವರಿಗೆ ಮೇಲಿನ ದರ್ಜೆ, ಬಾರದವರು ಸಿಪಾಯಿಗಳು. ಖಾಕಿ ಪ್ಯಾಂಟು, ಶರ್ಟು, ಟೋಪಿ, ಬೂಟು. ವ್ಯಾಯಾಮಕ್ಕೆ ಅರ್ಧ ಚಡ್ಡಿ. ಹಲವರು ಜಡೆ ಕತ್ತರಿಸಿದರು. 1943ರಲ್ಲಿ ತಮಿಳು ಹುಡುಗಿಯೊಬ್ಬಳು ಚಡ್ಡಿ ಹಾಕಿ, ತಲೆಗೂದಲು ಕತ್ತರಿಸಿ ಬೀದಿಯಲ್ಲಿ ಹೆಜ್ಜೆ ಹಾಕಿದಳು ಅಂದರೆ ಅವಳ ಓಣಿಯ ಜನ ಏನೇನು ಆಡಿಕೊಂಡಿರಬಹುದು, ಯೋಚಿಸಿ ನೋಡಿ. ನಮ್ಮ ಅಜ್ಜಿಯಂದಿರ ಕಾಲ ಅದು.

ತರಗತಿಯಲ್ಲಿ ಭಾರತದ ಚರಿತ್ರೆ, ಭೂಗೋಳ, ಜೊತೆಗೆ ಹಿಂದೂಸ್ತಾನಿ. ಪರೇಡಿನ ಆಜ್ಞೆಗಳು ಹಿಂದೂಸ್ತಾನಿಯಲ್ಲೇ. ಅದನ್ನು ಬರೆಯಲು ರೋಮನ್ ಲಿಪಿ. ಯಾರಿಗೂ ನಿನ್ನ ಲಿಪಿ, ನನ್ನ ಲಿಪಿ ಅನ್ನುವ ತಕರಾರು ಬರಬಾರದು ಅಂತ ಈ ಏರ್ಪಾಡು. ಅಡುಗೆ ಮನೆಯೂ ಒಂದೇ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್, ಸಿಖ್ಖರು, ಎಲ್ಲ ಜಾತಿಯವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಬೋಸರ ಫೌಜಿನಲ್ಲಿ ಇದು ಕಟ್ಟುನಿಟ್ಟು. ಬ್ರಿಟಿಷ್ ಭಾರತದ ಸೇನೆ ಜಾತಿ, ಧರ್ಮದ ಲೆಕ್ಕ ಹಾಕಿ ತುಕಡಿ ಕಟ್ಟುತ್ತಿದ್ದ ಕಾಲ ಅದು. ಪಂಕ್ತಿಭೇದ ಏನು ಅಂತ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ತೋಟದ ಕೂಲಿಯ ಮಗಳು ಮತ್ತು ಬಂಗಲೆಯ ಮಗಳು ಅಕ್ಕಪಕ್ಕ ಕೂತು ಉಂಡದ್ದು ನನಗೆ ರೈಫಲ್ ತರಬೇತಿಯಷ್ಟೇ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅದೇ ಹೊತ್ತಿಗೆ ಬ್ರಿಟಿಷರ ಕಡೆಯೂ ಭಾರತೀಯ ಹೆಂಗಸರು ಯೂನಿಫಾರ್ಮ್ ಹಾಕಿದ್ದರು. 1942ರಲ್ಲಿ ಅವರಿಗಾಗಿ ಸಹಾಯಕ ದಳ ಕಟ್ಟಿದ್ದರು. ಟೈಪಿಂಗ್, ಟೆಲಿಫೋನ್, ಕಚೇರಿ ಕೆಲಸ. ಅದೂ ಬೇಕಾದ ಕೆಲಸವೇ. ಆದರೆ ಹೋರಾಡಲು ಅಂತಲೇ ತರಬೇತಿ ಕೊಟ್ಟದ್ದು ವಾಟರ್ಲೂ ಬೀದಿಯಲ್ಲಿ.

1944ರ ಮಾರ್ಚ್ 30ಕ್ಕೆ ಸಿಂಗಾಪುರದಲ್ಲಿ ಮೊದಲ ಪಾಸಿಂಗ್ ಔಟ್ ಪರೇಡ್ ಆಯಿತು. ಅಷ್ಟು ಹೊತ್ತಿಗೆ ಐನೂರರಷ್ಟು ಜನ ತಯಾರಾಗಿದ್ದರು. ಇನ್ನೂರರಷ್ಟು ಹುಡುಗಿಯರನ್ನು ಆರಿಸಿ ನರ್ಸಿಂಗ್ ಕಲಿಸಿದರು. ಆ ದಳಕ್ಕೆ ಮೊಘಲರ ಎದುರು ಹೋರಾಡಿದ ರಾಣಿ ಚಾಂದ್ ಬೀಬಿಯ ಹೆಸರು. ರಂಗೂನಿನಲ್ಲೂ ಬ್ಯಾಂಕಾಕಿನಲ್ಲೂ ಶಿಬಿರಗಳು ಎದ್ದವು.

ಸಿಂಗಾಪುರದ ರಾಣಿಯರು, ರೆಜಿಮೆಂಟಿನ ಹುಡುಗಿಯರನ್ನು ಕರೆಯುತ್ತಿದ್ದದ್ದೇ ಹಾಗೆ, ಬರ್ಮಾಕ್ಕೆ ಹೋದದ್ದು ಯಾವ ದಾರಿಯಲ್ಲಿ ಅಂತ ಕೇಳಿ. ಅದೇ ಸಯಾಮ್-ಬರ್ಮಾ ರೈಲಿನಲ್ಲಿ. ಎರಡು ಕಡೆಯಿಂದ ಬಂದ ಹಳಿಗಳು ಕೂಡಿದ್ದು 1943ರ ಅಕ್ಟೋಬರ್ 17ಕ್ಕೆ, ಶಿಬಿರ ಶುರುವಾಗುವ ಐದು ದಿನ ಮೊದಲು. ತಮ್ಮ ತೋಟದ ಗಂಡಸರು ಸತ್ತು ಹಾಕಿದ ಹಳಿಯ ಮೇಲೆ, ಅವರನ್ನು ಸಾಯಿಸಿದ ಸೇನೆಯ ರೈಲಿನಲ್ಲಿ, ಈ ಹುಡುಗಿಯರು ಬಂದೂಕು ಹಿಡಿದು ಹೋದರು. ಬೋಸರ ದಾರಿಯನ್ನು ಮೆಚ್ಚುವವರೂ ಈ ಮಾತನ್ನು ದಾಟಿಕೊಂಡು ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಅವರ ಧೈರ್ಯ ಮತ್ತು ಅವರ ಸ್ಥಿತಿಯ ಕ್ರೂರತನ ಎರಡೂ ಒಂದೇ ಬೋಗಿಯಲ್ಲಿ ಇದ್ದವು.

ನೂರರಷ್ಟು ಜನರ ತಂಡ ಬರ್ಮಾದ ಗುಡ್ಡದ ಊರಾದ ಮೇಮ್ಯೋಗೆ ಹೋಯಿತು. ಇಂಫಾಲ ಬಿದ್ದರೆ ಅವರು ಮೊದಲಿಗರಾಗಿ ಭಾರತದ ನೆಲಕ್ಕೆ ಕಾಲಿಡಬೇಕು ಅನ್ನುವುದು ಯೋಜನೆ. ಇಂಫಾಲ ಬೀಳಲಿಲ್ಲ. 1944ರ ಜುಲೈ ಹೊತ್ತಿಗೆ ಜಪಾನಿನ ಸೇನೆ ಹಿಂದೆ ಸರಿಯಿತು. ಹಸಿವು, ಮಲೇರಿಯಾದಿಂದ ಬೆಂದ ಸೈನಿಕರು ಹಿಂದೆ ಬರುತ್ತಿದ್ದರು. ಅವರ ಗಾಯ ತೊಳೆದು, ಔಷಧಿ ಇಲ್ಲದ ಆಸ್ಪತ್ರೆಗಳಲ್ಲಿ, ಬಾಂಬು ಬೀಳುತ್ತಿರುವಾಗ ರಾತ್ರಿ ಹಗಲು ನೋಡಿಕೊಂಡವರು ಈ ಹುಡುಗಿಯರು. "ಯುದ್ಧ ಮಾಡಿದ್ರಾ" ಅಂತ ಕೇಳುವವರು ಇದನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಾರೋ ನನಗೆ ತಿಳಿಯದು.

1945ರ ಏಪ್ರಿಲ್ 24ಕ್ಕೆ ಬೋಸ್ ರಂಗೂನ್ ಬಿಟ್ಟರು. ರೆಜಿಮೆಂಟಿನ ಹುಡುಗಿಯರನ್ನು ಬಿಟ್ಟು ತಾನು ಮುಂದೆ ಹೋಗುವುದಿಲ್ಲ ಅಂತ ಹಟ ಹಿಡಿದು ಅವರ ಜೊತೆಗೇ ಹೊರಟರು. ಲಾರಿಗಳು ಕೆಸರಿನಲ್ಲಿ ಹೂತವು, ಹೊಳೆಗಳಿಗೆ ಸೇತುವೆ ಇರಲಿಲ್ಲ, ಹಗಲು ವಿಮಾನಗಳ ಕಾಟ. ಹಾಗಾಗಿ ರಾತ್ರಿ ನಡೆದರು. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದರೂ ನಡೆದರು. ಮೂರು ವಾರದ ಮೇಲೆ ಬ್ಯಾಂಕಾಕ್ ಮುಟ್ಟಿದರು. ವಾಟರ್ಲೂ ಬೀದಿಯ ರೂಟ್ ಮಾರ್ಚ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಬೇರೊಂದು ತಂಡ ಹೋಗುತ್ತಿದ್ದ ರೈಲಿನ ಮೇಲೆ ದಾಳಿಯಾಗಿ ಇಬ್ಬರು ಹುಡುಗಿಯರು ಸತ್ತರು.

ನಿಮಗೆ ನೇರವಾಗಿ ಸಂಬಂಧಿಸಿದ ಒಂದು ಲೆಕ್ಕ ಹೇಳುತ್ತೇನೆ. ಸ್ವತಂತ್ರ ಭಾರತದ ಸೇನೆ ವೈದ್ಯಕೀಯ ವಿಭಾಗದ ಹೊರಗೆ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಶುರು ಮಾಡಿದ್ದು 1992ರಲ್ಲಿ. ಜವಾನ್ ದರ್ಜೆಗೆ ಹೆಣ್ಣುಮಕ್ಕಳ ಮೊದಲ ತಂಡ ಬಂದದ್ದು 2021ರ ಮೇ 8ರಂದು, ನಮ್ಮ ಬೆಂಗಳೂರಿನಲ್ಲೇ, ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ, 83 ಜನ. ಸಿಂಗಾಪುರದ ಪಾಸಿಂಗ್ ಔಟ್ ಪರೇಡಿಗೂ ಬೆಂಗಳೂರಿನದ್ದಕ್ಕೂ ನಡುವೆ 77 ವರ್ಷ. ರಬ್ಬರ್ ತೋಟದ ಹುಡುಗಿಯರು ಆರು ತಿಂಗಳಲ್ಲಿ ಮಾಡಿ ತೋರಿಸಿದ್ದನ್ನು ಒಪ್ಪಿಕೊಳ್ಳಲು ನಮಗೆ ಅಷ್ಟು ವರ್ಷ ಹಿಡಿಯಿತು. ಇದರಲ್ಲಿ ತಪ್ಪು ಆ ಹುಡುಗಿಯರದ್ದಂತೂ ಅಲ್ಲ.

ಮಾತು ಮುಗಿದ ಮೇಲೆ ಎರಡನೇ ವರ್ಷದ ಒಬ್ಬ ಕೆಡೆಟ್, ಆಮೇಲೆ ಅವರೆಲ್ಲ ಏನಾದರು ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಲಕ್ಷ್ಮಿಯವರು ಬರ್ಮಾದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕರು. 1946ರಲ್ಲಿ ಭಾರತಕ್ಕೆ ಬಂದರು. ಕೆಂಪು ಕೋಟೆಯಲ್ಲಿ ವಿಚಾರಣೆಗೆ ನಿಂತ ಪ್ರೇಮ್ ಸೆಹಗಲ್ ಅವರನ್ನು ಮದುವೆಯಾಗಿ ಕಾನ್ಪುರದಲ್ಲಿ ನೆಲೆಸಿದರು. ದಶಕಗಳ ಕಾಲ ಬಡವರಿಗೆ ಹೆರಿಗೆ ಮಾಡಿಸಿದರು. 2002ರಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ ಅಬ್ದುಲ್ ಕಲಾಂ ಅವರ ಎದುರು ನಿಂತರು. 2012ರಲ್ಲಿ ತೀರಿಕೊಂಡರು. ಜಾನಕಿ ಮಲಯಾದಲ್ಲಿ ರಾಜಕೀಯಕ್ಕೆ ಇಳಿದು ಮಲಯನ್ ಇಂಡಿಯನ್ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದರು. ಭಾರತ ಅವರಿಗೆ ಪದ್ಮಶ್ರೀ ಕೊಟ್ಟಿತು. ರಾಸಮ್ಮ ಟೀಚರ್ ಆದರು, ಮಹಿಳಾ ಶಿಕ್ಷಕರ ಸಂಘ ಕಟ್ಟಿ ಗಂಡಸರಿಗೆ ಸಮನಾದ ಸಂಬಳಕ್ಕಾಗಿ ಹೋರಾಡಿದರು. ರಬ್ಬರ್ ತೋಟದಿಂದ ಬಂದ ಹೆಚ್ಚಿನವರು ಖಾಕಿ ಬಿಚ್ಚಿ ತೋಟಕ್ಕೇ ಮರಳಿದರು. ಆಗ ಅವರನ್ನು ಯಾರೂ ಸಂದರ್ಶನ ಮಾಡಲಿಲ್ಲ. ಕೆಲವರನ್ನು ಕೇಳಿದ್ದು ಅರವತ್ತು ವರ್ಷ ಕಳೆದ ಮೇಲೆ.

ಯಲ್ಲಪ್ಪ ವಾಪಸ್ ಬರಲಿಲ್ಲ. ಹಿಮ್ಮೆಟ್ಟುವ ದಿನಗಳಲ್ಲಿ, 1945ರಲ್ಲಿ, ಬರ್ಮಾದಲ್ಲೇ ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಇನ್ನು ಎರಡು ವರ್ಷ ಬಾಕಿ ಇತ್ತು.

ನಿಮ್ಮ ಹತ್ತಿರ ಒಂದು ಕೆಲಸ ಕೇಳುತ್ತೇನೆ. ನಮ್ಮ ಕರಾವಳಿಯಿಂದ ರಂಗೂನು, ಪೆನಾಂಗು, ಸಿಂಗಾಪುರಕ್ಕೆ ಹೋಗಿ ಬಂದವರ ಮನೆಗಳು ಅತ್ತಾವರ, ಜೆಪ್ಪು, ಉಳ್ಳಾಲದಲ್ಲಿ ಇದ್ದಾವು. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಪಾಸ್‌ಪೋರ್ಟ್, ಕಾಗದ, ಫೋಟೊ ಸಿಕ್ಕಿದರೆ ಬಿಸಾಡಬೇಡಿ. ಫೋಟೊದ ಹಿಂದೆ ಹೆಸರು ಬರೆದಿದೆಯಾ ನೋಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾರು, ಯಾವ ಇಸವಿ, ಯಾವ ಹಡಗಿನಲ್ಲಿ ಹೋದದ್ದು ಅಂತ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಅಂಥ ಹತ್ತು ಮನೆ ಸಿಕ್ಕಿದರೂ ಸಾಕು, ಒಟ್ಟಿಗೆ ಕೂತು ಬರೆಯಲು ನಾನು ಬರುತ್ತೇನೆ.